ಒಂದೇ ಆಸೆ, ನಾಲ್ಕು ಸಾಲು

ನಾನು ಆಪ್ತಸಲಹೆಗಾರ್ತಿ. ಈಚೆಗೆ ನನ್ನ ಹತ್ತಿರ ಬರುವ ವ್ಯಾಪಾರಸ್ಥರಲ್ಲಿ ಕೆಲವರು ಎಕ್ಸೆಲ್ ಶೀಟ್ ಹಿಡಿದುಕೊಂಡೇ ಬರುತ್ತಾರೆ. ಅಂಗಡಿ ದೊಡ್ಡದು ಮಾಡಲಾ, ಪಾಲುದಾರರನ್ನು ಸೇರಿಸಿಕೊಳ್ಳಲಾ ಅಂತ ಲೆಕ್ಕ ಹಾಕಿರುತ್ತಾರೆ. ಲೆಕ್ಕ ಉತ್ತರವನ್ನೂ ಕೊಟ್ಟಿರುತ್ತದೆ. ಆದರೂ ರಾತ್ರಿ ನಿದ್ದೆ ಇಲ್ಲ. ಅಂಥದ್ದೇ ಒಂದು ಪ್ರಕರಣ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.

ನಲವತ್ತೈದರ ಆಸುಪಾಸಿನವರು. ತಾಲ್ಲೂಕು ಊರಿನಲ್ಲಿ ಮರದ ಗಾಣ. ಕೊಬ್ಬರಿ ತಿಪಟೂರಿನಿಂದ ಬರುತ್ತದೆ, ಕಡ್ಲೆಕಾಯಿ ಸುತ್ತಲಿನ ರೈತರಿಂದ. ಎಣ್ಣೆಗೂ ಗಿರಾಕಿ ಇದ್ದಾರೆ, ಹಿಂಡಿಗೂ ಇದ್ದಾರೆ. ಗಲ್ಲಾ ಹೆಂಡತಿಯದು. ಕೈಯಲ್ಲಿ ಒಂದಿಷ್ಟು ದುಡ್ಡು ಸೇರಿತ್ತು. ಮೈಸೂರಲ್ಲಿ ಎರಡನೇ ಅಂಗಡಿಯೋ, ಇದ್ದ ಜಾಗದಲ್ಲೇ ಇನ್ನೊಂದು ಗಾಣವೋ? ಆರು ತಿಂಗಳು ಇದೇ ಜಗಳ ನಡೆದು, ಮನೆಯಲ್ಲಿ ಮಾತೇ ನಿಂತುಹೋಗಿತ್ತು.

ಮೂರನೇ ಸಲ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡ ಶೀಟಿನ ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಹರಡಿದರು.

ಈ ಪಟ್ಟಿ ಗೊತ್ತಿಲ್ಲದವರಿಗೆ ಒಂದು ಮಾತು. ಎಡಗಡೆ ನಮಗೆ ಮುಖ್ಯವಾದ ವಿಷಯಗಳನ್ನು ಬರೆಯುತ್ತೇವೆ. ಪ್ರತಿಯೊಂದಕ್ಕೂ ಇಷ್ಟು ತೂಕ ಅಂತ ಕೊಡುತ್ತೇವೆ, ಎಲ್ಲ ಸೇರಿ 100. ಆಮೇಲೆ ಒಂದೊಂದು ವಿಷಯದಲ್ಲೂ ಪ್ರತಿ ಆಯ್ಕೆಗೆ 1ರಿಂದ 5ರವರೆಗೆ ಅಂಕ. ತೂಕ, ಅಂಕ ಗುಣಿಸಿ ಕೂಡಿದರೆ ಆಯ್ತು.

ಅವರ ಶೀಟಿನಲ್ಲಿ ಲಾಭಕ್ಕೆ 20, ಬಂಡವಾಳದ ಹೊರೆಗೆ 15, ಕೆಲಸದವರು ಸಿಗುವುದಕ್ಕೆ 15. ಉಳಿದ 50 ನಾಲ್ಕು ಸಾಲುಗಳಲ್ಲಿ ಹಂಚಿಹೋಗಿತ್ತು: 'ಬ್ರ್ಯಾಂಡ್' 15, 'ಊರಾಚೆ ಹೆಸರು' 15, 'ಸಿಟಿ ಗಿರಾಕಿ' 10, 'ಮುಂದಿನ ಬೆಳವಣಿಗೆ' 10. ಒಟ್ಟು ಮೈಸೂರಿಗೆ 370, ಗಾಣಕ್ಕೆ 300.

"ನೋಡಿ ಮೇಡಂ, ಲೆಕ್ಕವೇ ಹೇಳ್ತಿದೆ. ಇವಳು ಮಾತ್ರ ಒಪ್ಪಲ್ಲ."

ಹೆಂಡತಿ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. "ಹಬ್ಬದ ದಿನ ಅಲ್ಲಿ ಬಾಗಿಲು ಯಾರು ತೆಗೀತಾರೆ ಅಂತ ಒಂದು ಸಾಲೂ ಇಲ್ವಲ್ಲ ಇದರಲ್ಲಿ?"

ಅವರ ಬೆರಳಿನ ಹಿಂದೆಯೇ ನನ್ನ ಕಣ್ಣೂ ಹೋಗಿತ್ತು. ಆ ನಾಲ್ಕು ಸಾಲುಗಳಲ್ಲೂ ಮೈಸೂರಿಗೆ 5, ಗಾಣಕ್ಕೆ 2. ಒಂದರಲ್ಲೂ ಬದಲಾವಣೆ ಇಲ್ಲ.

"ಈ ನಾಲ್ಕರಲ್ಲಿ ಯಾವುದಾದರೂ ಒಂದರಲ್ಲಿ ಗಾಣಕ್ಕೆ 3 ಕೊಡೋಕೆ ಆಗುತ್ತಾ?" ಅಂತ ಗಂಡನನ್ನು ಕೇಳಿದೆ.

"ಇಲ್ಲ."

"ಹಾಗಾದರೆ ಇವು ನಾಲ್ಕೋ, ಒಂದೋ?"

ಅವರು ಕಾಗದದ ಮೂಲೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ತುಂಬ ಹೊತ್ತಾದ ಮೇಲೆ ಮೈಸೂರಿನ ಅಣ್ಣನ ಮನೆ ಗೃಹಪ್ರವೇಶದ ಮಾತು ಬಂತು. "ಅಣ್ಣ ಯಾರಿಗೋ ನನ್ನ ಪರಿಚಯ ಮಾಡಿಸ್ತಿದ್ದ. 'ಇವನು ಊರಲ್ಲೇ ಇದಾನೆ, ಎಣ್ಣೆ ಹಿಂಡ್ಕೊಂಡು' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ."

ಆ ಸಾಲುಗಳನ್ನು ಹೊಡೆದುಹಾಕಿ ಅಂತ ನಾನು ಹೇಳಲಿಲ್ಲ. ಹೆಸರು ಬೇಕು ಅನ್ನಿಸುವುದರಲ್ಲಿ ತಪ್ಪೇನಿದೆ? ಅದು ವೇಷ ಹಾಕಿಕೊಂಡು ನಾಲ್ಕು ಸಲ ಸರದಿಯಲ್ಲಿ ನಿಂತರೆ ಮಾತ್ರ ಲೆಕ್ಕ ಕೆಡುತ್ತದೆ. ಒಂದೇ ಸಾಲು ಮಾಡಿ, 'ಹೆಸರು' ಅಂತಲೇ ಬರೆಯಿರಿ ಅಂದೆ. ಅದಕ್ಕೆ 20 ಇಟ್ಟು, ಮಿಕ್ಕ 80ನ್ನು ಉಳಿದ ಮೂರಕ್ಕೆ ಅವರದೇ ಪ್ರಮಾಣದಲ್ಲಿ ಹಂಚಿದೆವು. ಮೈಸೂರು 292, ಗಾಣ 360. ತೂಕ ಏರಿಸುತ್ತಾ ಹೋದೆವು. 34 ಕೊಟ್ಟರೂ ಗಾಣವೇ ಮುಂದೆ. 35ಕ್ಕೆ ಮೈಸೂರು ಒಂದು ಅಂಕದಿಂದ ಗೆಲ್ಲುತ್ತದೆ. ಉಳಿದದ್ದು ಒಂದೇ ಪ್ರಶ್ನೆ: ಹೆಸರಿಗೆ ನೂರಕ್ಕೆ 34ಕ್ಕಿಂತ ಜಾಸ್ತಿ ಬೆಲೆ ಕೊಡುತ್ತೀರಾ?

ಹೆಂಡತಿ ಕೇಳಿದ ಬಾಗಿಲಿನ ಪ್ರಶ್ನೆಯನ್ನು ಪಟ್ಟಿಯೊಳಗೆ ಸೇರಿಸಲೇ ಇಲ್ಲ. ಅದನ್ನು ಪಟ್ಟಿಯ ತಲೆಯ ಮೇಲೆ ಬರೆಸಿದೆ. ಈ ಪಟ್ಟಿಯ ದೊಡ್ಡ ದೋಷವೇ ಇದು. ಒಂದು ಕಡೆಯ ದೊಡ್ಡ ತೂತನ್ನು ಬೇರೆ ಕಡೆಯ ಒಳ್ಳೆ ಅಂಕ ಮುಚ್ಚಿಬಿಡುತ್ತದೆ. ಅಂಗಡಿ ತೆರೆಯಲು ಜನವೇ ಇಲ್ಲ ಅಂದರೆ ಬ್ರ್ಯಾಂಡಿಗೆ 5 ಕೊಟ್ಟು ಏನು ಬಂತು? ಸಾಲದ ಕಂತು ಕಟ್ಟೋಕೆ ಆಗುತ್ತಾ ಅನ್ನುವುದೂ ಹೀಗೆಯೇ. ಇಂಥವಕ್ಕೆ ಅಂಕ ಇಲ್ಲ, ಹೌದು ಅಥವಾ ಇಲ್ಲ ಅಷ್ಟೇ. ಇಲ್ಲ ಅಂತಾದರೆ ಆ ಆಯ್ಕೆ ಪಟ್ಟಿಯೊಳಗೆ ಬರುವುದೇ ಬೇಡ.

ನಮ್ಮ ಕಸುಬಿನ ಗೆಳತಿಯೊಬ್ಬಳು ಇದನ್ನು ಕೇಳಿ, "ನೀನು ಆಪ್ತಸಲಹೆಗಾರ್ತಿನಾ, ಆಡಿಟರಾ?" ಅಂದಳು. ಆ ಕೊಂಕು ನನಗೆ ಇನ್ನೂ ಚುಚ್ಚುತ್ತದೆ. ಆದರೆ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಒಂದು ಕೆಲಸ ಒಪ್ಪಿಕೊಳ್ಳಲಾ ಬೇಡವಾ ಅಂತ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ಗೆ ಬರೆದಾಗ, ಏನು ಮಾಡಬೇಕು ಅಂತ ಫ್ರಾಂಕ್ಲಿನ್ ಹೇಳಲಿಲ್ಲ. ಹಾಳೆಯ ಮಧ್ಯೆ ಗೆರೆ ಎಳೆದು, ಬೇಕು ಬೇಡ ಎರಡನ್ನೂ ಮೂರು ನಾಲ್ಕು ದಿನ ಬರೆಯುತ್ತಾ ಹೋಗು, ಸಮತೂಕದವನ್ನು ಎರಡೂ ಕಡೆ ಹೊಡೆದುಹಾಕು ಅಂತ ದಾರಿ ತೋರಿಸಿದರು. ಅಂಗಡಿ ಹಾಕಿ, ಬಿಡಿ ಅನ್ನಲು ನಾನಾದರೂ ಯಾರು? ಆದರೆ ಬಚ್ಚಿಟ್ಟ ಮಾತು ಯಾವ ಸಾಲಿನಲ್ಲಿ ಕೂತಿದೆ ಅಂತ ತೋರಿಸುವುದು ನನ್ನ ಕೆಲಸವೇ.

ಕೊನೆಗೆ ಒಂದು ಕೆಲಸ ಕೊಟ್ಟು ಕಳಿಸಿದೆ. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರದು ಒಬ್ಬರು ನೋಡದೆ ತೂಕ ಬರೆಯಬೇಕು. ಬರೀ ತೂಕ. ಅಂಕದ ತಂಟೆಗೆ ಹೋಗಬಾರದು. ಮೊತ್ತ ಕಣ್ಣಿಗೆ ಬಿದ್ದರೆ ಕೈ ಸುಮ್ನೆ ಇರಲ್ಲ, ತಿದ್ದಲು ಶುರು ಮಾಡುತ್ತದೆ.

ಈಗ ಇನ್ನೊಂದು ಗಾಣಕ್ಕೆ ಮುಂಗಡ ಕೊಟ್ಟಿದ್ದಾರೆ. ಬಾಟಲಿಗೆ ಊರಿನ ಹೆಸರು ಹಾಕಿ ಲೇಬಲ್ ಮಾಡಿಸುತ್ತಿದ್ದಾರಂತೆ. ಆದರೆ ನನಗೆ ನೆನಪಿನಲ್ಲಿ ಉಳಿದಿರುವುದು ಆ ಕೆಲಸ ಕೊಟ್ಟ ಮುಂದಿನ ವಾರ ಅವರು ಚೀಟಿ ಬಿಚ್ಚಿದ ಗಳಿಗೆ. ಹೆಸರಿಗೆ ಗಂಡ 20 ಬರೆದಿದ್ದರು. ಹೆಂಡತಿ 30.

"ನೀನ್ಯಾಕೆ ಇಷ್ಟು ಹಾಕಿದೆ?" ಅಂತ ಅವರು ಕೇಳಿದರು.

"ಅವತ್ತು ಗೃಹಪ್ರವೇಶದಲ್ಲಿ ನಾನೂ ಪಕ್ಕದಲ್ಲೇ ನಿಂತಿದ್ದೆ ಅಲ್ವಾ?"