ಮೆಮೊರಿ ಕಾರ್ಡಿನಲ್ಲಿದ್ದ ಚಿಕ್ಕಪ್ಪ

(ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯಿದೆ.)

ಭಾರತಿ ವನ್ಯಜೀವಿ ವಿಷಯದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮಲೆನಾಡಿನ ಹುಡುಗಿ, ವಯಸ್ಸು 23. ಆಪ್ತ ಸಮಾಲೋಚಕಿಯಾದ ನನಗೆ ವಿಭಾಗದಿಂದ ಬಂದ ಚೀಟಿಯಲ್ಲಿ ಒಂದೇ ದೂರು: ಫೀಲ್ಡ್ ಕೆಲಸ ಮುಗಿದು ನಾಲ್ಕು ತಿಂಗಳಾದರೂ ಡಿಸರ್ಟೇಶನ್ನಿನ ಒಂದು ಪುಟವೂ ಬಂದಿಲ್ಲ.

ರಾತ್ರಿ ನಿದ್ದೆಯಿಲ್ಲ, ಲ್ಯಾಪ್‌ಟಾಪ್ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ ಎಂದಳು. ಬರೆಯುವ ಭಯವಿರಬೇಕು ಎಂದುಕೊಂಡು ನಾನು ದಿನಕ್ಕೆ ಅರ್ಧ ಗಂಟೆಯ ವೇಳಾಪಟ್ಟಿ ಹಾಕಿಕೊಟ್ಟೆ. ನನ್ನ ಅಂದಾಜು ತಪ್ಪಾಗಿತ್ತು. ಎರಡನೇ ಸಲ ಬಂದವಳು ಬ್ಯಾಗಿನಿಂದ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು.

"ಇದ್ರಲ್ಲಿ ನಮ್ಮ ಚಿಕ್ಕಪ್ಪ ಇದಾರೆ ಮೇಡಂ."

ಕಾಡಂಚಿನ ಗದ್ದೆಗಳಿಗೆ ಯಾವ ಪ್ರಾಣಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದು ಅವಳ ವಿಷಯ. ದಾರಿಗಳು ಗೊತ್ತಿವೆ, ಜನ ಮಾತಾಡುತ್ತಾರೆ ಎಂದು ತನ್ನ ಊರನ್ನೇ ಆರಿಸಿಕೊಂಡಿದ್ದಳು. ನಮ್ಮನೆ ಹುಡುಗಿ ನಮ್ಮ ಕಷ್ಟ ಬರೀತಾಳೆ ಎಂದು ಊರವರೂ ಜಗಲಿಯಲ್ಲಿ ಕೂರಿಸಿ ಎಲ್ಲ ಹೇಳಿದ್ದರು. ಕಾಡುಹಂದಿಯ ಜಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದಳು. ಮೈಯ ಕಾವು, ಚಲನೆ ಗುರುತಿಸಿ ತಾನೇ ಚಿತ್ರ ತೆಗೆಯುವ ಆ ಪೆಟ್ಟಿಗೆಗೆ ಹಂದಿ ಯಾವುದು, ಮನೆಯವರು ಯಾರು ಎಂದು ತಿಳಿಯುವುದಿಲ್ಲ. ಬೈಕಿನ ಕ್ಲಚ್ ವೈರಿನಲ್ಲಿ ಮಾಡಿದ ಉರುಳನ್ನು ಚಿಕ್ಕಪ್ಪ ಬಗ್ಗಿ ಮರದ ಬುಡಕ್ಕೆ ಬಿಗಿಯುತ್ತಿದ್ದರು. ಮುಖ ಸ್ಪಷ್ಟವಾಗಿ ಬಿದ್ದಿತ್ತು.

ಅಪ್ಪ ಹೋದಾಗ ಅವಳಿನ್ನೂ ಪಿಯುಸಿ. ಅಲ್ಲಿಂದ ಫೀಸು ಕಟ್ಟಿದ್ದು ಇದೇ ಚಿಕ್ಕಪ್ಪ. ಎರಡು ವರ್ಷದಿಂದ ಅವರ ಗದ್ದೆಯ ಭತ್ತ ಮನೆಗೆ ಬಂದಿರಲಿಲ್ಲ. ಹಂದಿ ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಹೆಚ್ಚು. ಆದರೆ ಹಂದಿಗೆಂದು ಇಟ್ಟ ಉರುಳಿಗೆ ಕಾಡುಕುರಿಯೂ ಚಿರತೆಯೂ ಬೀಳುತ್ತವೆ, ಒದ್ದಾಡಿದಷ್ಟೂ ವೈರು ಬಿಗಿಯುತ್ತದೆ. ಇದು ಭಾರತಿಗೆ ತರಗತಿಯಲ್ಲಿ ಕಲಿತ ಪಾಠ. ಚಿತ್ರ ಅಳಿಸಿದರೆ ಓದಿಗೆ ಮೋಸ, ತೋರಿಸಿದರೆ ಅನ್ನ ಹಾಕಿದವರಿಗೆ ದ್ರೋಹ. ಆಚೆಯೂ ಇಲ್ಲ, ಈಚೆಯೂ ಇಲ್ಲ ಎಂದು ಕಾರ್ಡನ್ನು ನಾಲ್ಕು ತಿಂಗಳು ಹೊತ್ತು ತಿರುಗಿದ್ದಳು. ಇದನ್ನು ಸೋಮಾರಿತನ ಎಂದವರ ಮೇಲೆ ನನಗೆ ಸಿಟ್ಟೇ ಬಂತು.

ನಾನು ಮೊದಲು ಹೇಳಿದ್ದು: ಕಾರ್ಡ್ ಅಳಿಸಬೇಡ, ಅದರ ಬಗ್ಗೆ ಇವತ್ತೇ ತೀರ್ಮಾನವೂ ಬೇಡ. ಚಿತ್ರಕ್ಕಿಂತ ಅವಸರದ್ದು ಮರದ ಬುಡದಲ್ಲಿರುವ ವೈರು. ಅದು ಇನ್ನೂ ಅಲ್ಲೇ ಇದ್ದರೆ ಇವತ್ತು ರಾತ್ರಿಯೂ ಏನಾದರೂ ಬೀಳಬಹುದು.

ಚಿಕ್ಕಪ್ಪನ ಜತೆ ಮಾತು ಹೇಗೆ ತೆಗೆಯುವುದೆಂದು ಕೋಣೆಯಲ್ಲೇ ಅಭ್ಯಾಸ ಮಾಡಿದೆವು. ನಾನು ಚಿಕ್ಕಪ್ಪನಾದೆ. ಅವಳು ಕಾಯ್ದೆಯಿಂದಲೇ ಶುರುಮಾಡಿದಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉರುಳಿಡುವುದನ್ನೂ ಅದರ ಪ್ರಯತ್ನವನ್ನೂ ಬೇಟೆ ಎಂದೇ ಎಣಿಸುತ್ತದೆ, ಅದು ನಿಜ. ಅದನ್ನು ಹೇಳಲೂಬೇಕು. ಆದರೆ ಭತ್ತದ ಮಾತು ಮೊದಲು ಬರಲಿ ಎಂದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿದ್ದಾರಾ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಊರಿಡೀ ಸಂದರ್ಶನ ಮಾಡಿದವಳು ತನ್ನ ಮನೆಯಲ್ಲಿ ಮಾತ್ರ ಈ ಪ್ರಶ್ನೆ ಕೇಳಿರಲಿಲ್ಲ.

ಎರಡನೆಯದು, ಗೈಡಿಗೆ ಹೇಳುವುದು. ಕ್ಯಾಮೆರಾ ಕಟ್ಟಲು ಇಲಾಖೆ ಕೊಟ್ಟ ಅನುಮತಿ ಪತ್ರದಲ್ಲಿ ಷರತ್ತುಗಳಿರುತ್ತವೆ. ಅವನ್ನು ಓದದೆ ಒಬ್ಬ ವಿದ್ಯಾರ್ಥಿನಿ, ಅದರಲ್ಲೂ ಮನೆಮಗಳು, ಇಂಥ ತೀರ್ಮಾನ ಒಬ್ಬಳೇ ಹೊರಬಾರದು. ಯಾವ ದಾರಿ ಹಿಡಿ ಎಂದು ನಾನೂ ಹೇಳಲಿಲ್ಲ. ಅದು ನನ್ನ ಕೆಲಸವಲ್ಲ.

"ಊರು ಬದಲಿಸಿ ಮೊದಲಿಂದ ಮಾಡ್ಲಾ?" ಎಂದಳು. ಬೇಡ ಎಂದೆ. ತಾನು ಆ ಊರಿನವಳೆಂದು ಪ್ರಬಂಧದ ಮೊದಲಲ್ಲೇ ಬರೆದುಬಿಟ್ಟರೆ ಓದುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಡಾ. ಸಿ. ಮಾದೇಗೌಡರು ಸೋಲಿಗರಾಗಿದ್ದುಕೊಂಡೇ ಸೋಲಿಗರ ಕಾಡಿನ ಬಗ್ಗೆ ಸಂಶೋಧನೆ ಮಾಡಿದ್ದಾರೆ. ಸಂಖ್ಯಾಶಾಸ್ತ್ರ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ) ಎಲ್ಲ ಕಲಿಸುವ ಈ ಕೋರ್ಸುಗಳು, ಫೀಲ್ಡ್ ಅಂದರೆ ನಿನ್ನ ಮನೆಯೇ ಆದಾಗ ಹೇಗಿರಬೇಕು ಎಂಬುದಕ್ಕೂ ಒಂದು ವಾರ ಕೊಡಬೇಕು. ಕಾಡಂಚಿನಿಂದ ಬಂದು ನನ್ನೆದುರು ಹೀಗೆ ಕೂತವಳು ಇವಳೊಬ್ಬಳೇ ಅಲ್ಲ.

ಗೈಡ್ ಬೈಯಲಿಲ್ಲ. ಮನುಷ್ಯರ ಚಿತ್ರಗಳನ್ನು ಬೇರೆ ತೆಗೆದಿಟ್ಟು, ಅನುಮತಿ ಪತ್ರದೊಂದಿಗೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಮುಂದಿಡೋಣ ಎಂದರಂತೆ. ಸಿಕ್ಕ ಉರುಳುಗಳ ಸಂಖ್ಯೆ ಮಾತ್ರ ಅಂಕಿಅಂಶದಲ್ಲಿ ಬರಲೇಬೇಕು ಎಂದರು. ಅವಳೂ ಒಪ್ಪಿದಳು. ಸಮಿತಿ ಇನ್ನೂ ಸೇರಿಲ್ಲ. ನಿದ್ದೆ ಪೂರ್ತಿ ಮರಳಿಲ್ಲ, ಆದರೆ ಎರಡು ಅಧ್ಯಾಯ ಬರೆದಿದ್ದಾಳೆ.

ಚಿಕ್ಕಪ್ಪ ಅವಳ ಮಾತಿಗೆ ಉತ್ತರ ಕೊಡದೆ ಎದ್ದು ಹೋದರು. ಬೆಳಿಗ್ಗೆ ಜಗಲಿಯಲ್ಲಿ ಅವಳ ಬ್ಯಾಗಿನ ಪಕ್ಕ ಮೂರು ವೈರಿನ ಸುರುಳಿಗಳಿದ್ದವು. ಪರಿಹಾರಕ್ಕೆ ಅವರು ಅರ್ಜಿಯನ್ನೇ ಹಾಕಿರಲಿಲ್ಲ, ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕಾಗದ ಭಾರತಿಯೇ ತುಂಬಿದಳು. ಆ ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ ಚಿಕ್ಕಪ್ಪ, ಕಾಗದ ಮುಂದಿಟ್ಟಾಗ ಪೆನ್ನು ತೆಗೆದುಕೊಂಡು, "ಸಹಿ ಎಲ್ಲಿ ಹಾಕ್ಬೇಕು?" ಎಂದರಂತೆ.