ಕೇಳುವುದೇ ನಿಮ್ಮ ಕಸುಬು

ಪ್ರಶ್ನೆ: ನನಗೆ 29 ವರ್ಷ. ಸಾಫ್ಟ್‌ವೇರ್ ಕೆಲಸ ಬಿಟ್ಟು ನಾಲ್ಕು ವರ್ಷಗಳಿಂದ ಪಿಟೀಲನ್ನೇ ನಂಬಿಕೊಂಡಿದ್ದೇನೆ. ಆಕಾಶವಾಣಿ ಕಲಾವಿದರಿಗೆ ಕೊಡುವ ‘ಬಿ ಹೈ’ ಶ್ರೇಣಿ ಇದೆ. ಹಿರಿಯ ಗಾಯಕರೊಬ್ಬರು ಪಕ್ಕವಾದ್ಯಕ್ಕೆ ನನ್ನನ್ನೇ ಕರೆಯುತ್ತಾರೆ. ಸಂಭಾವನೆ ಎಷ್ಟೆಂದು ತಿಳಿಯುವುದು ಲಕೋಟೆ ಬಿಚ್ಚಿದ ಮೇಲೆಯೇ. ಎಷ್ಟೋ ಸಲ ಆಟೊ ಬಾಡಿಗೆ ಕಳೆದರೆ ಉಳಿಯುವುದು ಶಾಲು ಮಾತ್ರ. ಕೇಳಿದರೆ ಮುಂದೆ ಕರೆಯದೆ ಹೋದಾರೆಂಬ ಭಯ. ಅಪ್ಪ ‘ಮತ್ತೆ ಕೆಲಸಕ್ಕೆ ಸೇರು’ ಎನ್ನುತ್ತಾರೆ. ಏನು ಮಾಡಲಿ?
– ಓದುಗಿ, ಬಸವನಗುಡಿ

ಉತ್ತರ: ಶಾಲು ಮಾರಿ ತಂತಿ ಕೊಳ್ಳುವ ಅಂಗಡಿಯೊಂದು ನಮ್ಮ ಊರಿನಲ್ಲಿ ಇನ್ನೂ ತೆರೆದಿಲ್ಲ, ತಾಯಿ.

ನೀವು ಮಾಡುವ ಕೆಲಸವನ್ನು ಒಮ್ಮೆ ನೋಡಿ. ಬಲಪಾದದ ಮೇಲೆ ಪಿಟೀಲಿನ ತುದಿ ಊರಿ ಎರಡೂವರೆ ಗಂಟೆ ಕೂರಬೇಕು. ಇಂದು ಗಾಯಕರು ಯಾವ ರಾಗವನ್ನು ವಿಸ್ತರಿಸುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಅವರ ಆಲಾಪನೆಯ ನೆರಳು ಹಿಡಿದು ನಡೆದು, ಅವರು ಸ್ಥಳದಲ್ಲೇ ಹೆಣೆದ ಕಲ್ಪನಾಸ್ವರ ಹಾಡಿ ಬಿಟ್ಟ ತಕ್ಷಣ ಮರುಉತ್ತರ ಕೊಡಬೇಕು. ಅಷ್ಟು ಚೆನ್ನಾಗಿ ಕೇಳಬಲ್ಲವರಿಗೆ ದುಡ್ಡು ಕೇಳಲು ಬಾಯಿ ಬಾರದೇ? ಮೈಕ್ ಇಲ್ಲದ ಕಾಲದಲ್ಲಿ ನಾದ ದೂರಕ್ಕೆ ಮುಟ್ಟಲೆಂದು ಪಿಟೀಲು ವಿದ್ವಾಂಸ ಚೌಡಯ್ಯನವರು ತಮ್ಮ ವಾದ್ಯಕ್ಕೆ ಏಳು ತಂತಿ ಕಟ್ಟಿಕೊಂಡರು. ಇಂದು ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದ ಸಭಾಂಗಣವೇ ಅವರ ಹೆಸರಿನಲ್ಲಿದೆ. ಪಕ್ಕವಾದ್ಯವೆಂದರೆ ಪಕ್ಕಕ್ಕೆ ಸರಿದು ಕೂರುವುದಲ್ಲ.

ಮೊದಲು ಲಕೋಟೆ ತುಂಬುವವರು ಕಾರ್ಯಕ್ರಮ ಏರ್ಪಡಿಸುವ ಸಭೆಯವರೋ ಗಾಯಕರೋ ತಿಳಿದುಕೊಳ್ಳಿ. ಸಭೆಯವರು ನೇರವಾಗಿ ಕೊಡುತ್ತಿದ್ದರೆ ನಿಮ್ಮ ಮುನಿಸು ಪಾಪದ ಗಾಯಕರ ಮೇಲೆ ವ್ಯರ್ಥ. ಮಾತು ಎತ್ತುವುದು ದಿನಾಂಕ ಕೇಳಿ ಫೋನ್ ಬಂದಾಗ, ಶಾಲು ಹೊದಿಸಿದ ಮೇಲಲ್ಲ. ‘ಅಂದು ಬಿಡುವಿದೆ ಸರ್. ಸಂಭಾವನೆ ಎಷ್ಟೆಂದು ಗೊತ್ತುಮಾಡಿದ್ದಾರೆ? ನಾನು ಕನಿಷ್ಠ ಇಷ್ಟು ತೆಗೆದುಕೊಳ್ಳುತ್ತೇನೆ’ ಎಂದು ಹೇಳಿ ಸುಮ್ಮನಾಗಿ. ‘ಕ್ಷಮಿಸಿ’, ‘ತಪ್ಪು ತಿಳಿಯಬೇಡಿ’ ಎಂಬ ಬಾಲಂಗೋಚಿ ಬೇಡ. ತ್ಯಾಗರಾಜರ ಆರಾಧನೆಗೆ, ಗುರುಗಳ ಮನೆಯ ಕಾರ್ಯಕ್ರಮಕ್ಕೆ ಮಾತ್ರ ಈ ಲೆಕ್ಕ ತರಬೇಡಿ.

ಅವರು ಕರೆಯುವುದನ್ನು ನಿಲ್ಲಿಸಿದರೆ? ನಿಲ್ಲಿಸಲೂಬಹುದು, ಸುಳ್ಳು ಧೈರ್ಯ ಹೇಳಲಾರೆ. ಆದರೆ ಹಿರಿಯ ಗಾಯಕರು ಯಾರನ್ನೂ ಕನಿಕರಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ನೀವಿದ್ದರೆ ಸಂಗೀತ ಕಚೇರಿ ಕಳೆಗಟ್ಟುತ್ತದೆ ಎಂದೇ ಕರೆಯುತ್ತಿದ್ದಾರೆ. ಒಬ್ಬರನ್ನೇ ನೆಚ್ಚಿರುವುದು ನಿಮ್ಮ ನಿಜವಾದ ತೊಡಕು. ಗಾಯಕಿಯರ ಎತ್ತರದ ಶ್ರುತಿಗೂ ಒಂದು ಪಿಟೀಲು ಸಿದ್ಧವಿರಲಿ. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿ. ಅದನ್ನು ಸೋಲೆಂದು ತಿಳಿಯುವವರು ನಮ್ಮ ವಿದ್ವಾಂಸರ ಮನೆಗಳನ್ನು ಕಂಡಿಲ್ಲ.

ಅಪ್ಪನೊಂದಿಗೆ ವಾದ ಬೇಡ. ಒಂದು ವರ್ಷದ ಆದಾಯ ಖರ್ಚನ್ನು ಪುಸ್ತಕದಲ್ಲಿ ಬರೆದು ಅವರ ಮುಂದಿಡಿ. ರಾಮನವಮಿಯ ತುಂಬಿದ ಪುಟಗಳನ್ನಷ್ಟೇ ಅಲ್ಲ, ಆಷಾಢದ ಖಾಲಿ ಪುಟಗಳನ್ನೂ ತೋರಿಸಿ.