ದರ್ಭೆಯ ನಾರು ಬೆಳ್ಳಗಾದ ಮಾತ್ರಕ್ಕೆ ಅದನ್ನು ಶುದ್ಧ ಸೆಲ್ಯುಲೋಸ್ ಎನ್ನಬಹುದೇ?

ದರ್ಭೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಸೋಡಿಯಂ ಕ್ಲೋರೈಟ್‌ನಿಂದ ಬಿಳುಪುಗೊಳಿಸಿದ್ದೀರಿ. ಎಫ್‌ಟಿಐಆರ್ (ಅವಕೆಂಪು ಕಿರಣಗಳ ಹೀರಿಕೆಯಿಂದ ರಾಸಾಯನಿಕ ಬಂಧಗಳನ್ನು ಗುರುತಿಸುವ ಪರೀಕ್ಷೆ) ರೋಹಿತದಲ್ಲಿ ಲಿಗ್ನಿನ್ನಿನ, ಅಂದರೆ ನಾರುಗಳನ್ನು ಅಂಟಿಸಿ ಹಿಡಿದಿರುವ ವಸ್ತುವಿನ, ಗುರುತೂ ಕಾಣುತ್ತಿಲ್ಲ. ಹಾಗಾದರೆ ಇದನ್ನು ಶುದ್ಧ ಸೆಲ್ಯುಲೋಸ್ ಎಂದು ಪ್ರಬಂಧದಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ನಾರನ್ನು ಸುಟ್ಟಾಗ ಅದರಲ್ಲಿರುವ ಸಿಲಿಕಾ ಬೂದಿಯಾಗಿ ಉಳಿಯುತ್ತದೆ, ಆ ಬೂದಿಯನ್ನು ತೂಗಿ ನೋಡುವವರೆಗೆ ಬರೆಯಬೇಡಿ ಎಂದೇ ನಾನು ಹೇಳುತ್ತೇನೆ. ಹುಲ್ಲಿನ ನಾರಿನ ಕೆಲಸಕ್ಕೆ ಕೈಹಾಕಿದ ಮೊದಲ ವರ್ಷ ನಾನೂ ಇದೊಂದನ್ನು ಬಿಟ್ಟಿದ್ದೆ, ಆಮೇಲೆ ಇಳುವರಿಯ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು.

ಪವಿತ್ರ ಕಟ್ಟುವಾಗ ದರ್ಭೆಯ ಗರಿ ಬೆರಳನ್ನು ಕೊಯ್ಯುವುದು ಅದರ ಅಂಚಿನ ಸೂಕ್ಷ್ಮ ಹಲ್ಲುಗಳಲ್ಲಿ ತುಂಬಿರುವ ಸಿಲಿಕಾದಿಂದ. ಮರದ ನಾರಿನಲ್ಲಿ ಹೆಚ್ಚಾಗಿ ಕಾಡದ ಈ ಸಿಲಿಕಾ ಹುಲ್ಲಿನಲ್ಲಿ ನಮ್ಮ ಎರಡು ಮುಖ್ಯ ಪರೀಕ್ಷೆಗಳನ್ನೂ ದಾರಿ ತಪ್ಪಿಸಬಲ್ಲದು. ಎಫ್‌ಟಿಐಆರ್‌ನಲ್ಲಿ ಅದರ ಪ್ರಬಲ ಪಟ್ಟಿ 1100 cm⁻¹ನ ಆಸುಪಾಸಿನಲ್ಲಿ ಬರುವುದರಿಂದ ಸೆಲ್ಯುಲೋಸಿನದೇ ಪಟ್ಟಿಗಳ ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಸ್ಫಟಿಕ ರಚನೆಯನ್ನು ತೋರಿಸುವ ಎಕ್ಸ್-ರೇ ವಿವರ್ತನೆಯಲ್ಲಿ ಅಸ್ಫಟಿಕ ಸಿಲಿಕಾದ ಅಗಲವಾದ ಉಬ್ಬು ಸುಮಾರು 22 ಡಿಗ್ರಿಯಲ್ಲಿ, ಅಂದರೆ ಸೆಲ್ಯುಲೋಸಿನ ಮುಖ್ಯ ಶಿಖರದ ಬುಡದಲ್ಲೇ ಕೂರುತ್ತದೆ. 1959ರ ಸೀಗಲ್ ವಿಧಾನವು ಆ ಶಿಖರದ ಎತ್ತರವನ್ನು 18 ಡಿಗ್ರಿಯ ತಗ್ಗಿನೊಂದಿಗೆ ಹೋಲಿಸಿ ಸ್ಫಟಿಕತೆಯನ್ನು ಅಂದಾಜು ಮಾಡುವುದರಿಂದ, ಸಿಲಿಕಾ ಉಳಿದ ಮಾದರಿಯಲ್ಲಿ ಆ ಸಂಖ್ಯೆಯನ್ನು ನಂಬುವಂತಿಲ್ಲ.

ಕ್ಷಾರವು ಸಿಲಿಕಾವನ್ನು ಕರಗಿಸುತ್ತದೆ ಎಂಬುದು ನಿಜ. ಹುಲ್ಲಿನ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸನ್ನು (ಸೆಲ್ಯುಲೋಸಿನ ಜೊತೆಗಿರುವ ಇನ್ನೊಂದು ಬಗೆಯ ಸಕ್ಕರೆ ಸರಪಳಿ) ಬೆಸೆದಿರುವ ಫೆರುಲಿಕ್ ಆಮ್ಲದ ಎಸ್ಟರ್ ಬಂಧಗಳನ್ನು ಒಡೆಯುವುದೂ ಅದೇ ಕ್ಷಾರ. ಎಫ್‌ಟಿಐಆರ್‌ನಲ್ಲಿ 1735 cm⁻¹ನ ಪಟ್ಟಿ ಮಾಯವಾಗುವುದು ಇಂಥ ಎಸ್ಟರ್‌ಗಳು, ಹೆಮಿಸೆಲ್ಯುಲೋಸಿನ ಅಸಿಟೈಲ್ ಗುಂಪುಗಳೂ ಸೇರಿ, ಕಳಚಿದ್ದರಿಂದ. ಆದರೆ ಕುದಿಸಿದ ಮೇಲೆ ಉಳಿಯುವ ಕಪ್ಪು ಕ್ಷಾರ ದ್ರಾವಣವನ್ನು ಪೂರ್ತಿ ತೊಳೆಯದೆ, ಆಮ್ಲ ಬೆರೆಸಿದ ಕ್ಲೋರೈಟಿಗೆ ನಾರನ್ನು ಹಾಕಿದರೆ, ಕರಗಿದ್ದ ಸಿಲಿಕಾ ಲೋಳೆಯಾಗಿ ಮರಳಿ ನಾರಿನ ಮೇಲೆಯೇ ಕೂರುತ್ತದೆ. ಆದ್ದರಿಂದ ಕುದಿಸಿದ ಕೂಡಲೇ ಸೋಸಿ, ತೊಳೆದ ನೀರು ತಟಸ್ಥವಾಗುವವರೆಗೆ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಈ ಹಂತದಲ್ಲಿ ಅವಸರ ಮಾಡಬೇಡಿ. ಕ್ಲೋರೈಟ್ ಹಂತದಲ್ಲಿ ವಿಷಕಾರಿಯಾದ ಕ್ಲೋರಿನ್ ಡೈಆಕ್ಸೈಡ್ ಅನಿಲ ಏಳುತ್ತದೆ, ಆ ಹಂತವನ್ನು ಫ್ಯೂಮ್ ಹುಡ್‌ನೊಳಗಲ್ಲದೆ (ಅನಿಲವನ್ನು ಹೊರಕ್ಕೆ ಎಳೆಯುವ ಪೆಟ್ಟಿಗೆ) ಮಾಡಲೇಬಾರದು.

ಕ್ಷಾರದ ಪ್ರಮಾಣವನ್ನು ನೀವು ತಿಳಿಸಿಲ್ಲ. ಶೇಕಡಾ 4ರಿಂದ 5ರಷ್ಟಿದ್ದರೆ ಸಾಕು, 17.5ರಷ್ಟು ಬಳಸಿದ್ದರೆ ಸೆಲ್ಯುಲೋಸ್ ಒಂದನೆಯ ರೂಪದಿಂದ ಎರಡನೆಯ ರೂಪಕ್ಕೆ ತಿರುಗಿರಬಹುದು, ಆಗ ಎಕ್ಸ್-ರೇ ವಿವರ್ತನೆಯ ಶಿಖರಗಳು 12, 20 ಮತ್ತು 22 ಡಿಗ್ರಿಗಳ ಸುತ್ತ ಕಾಣುತ್ತವೆ.

ಈಗ ಮಾಡಬೇಕಾದದ್ದು ಇಷ್ಟು. ಕಚ್ಚಾ ಹುಲ್ಲು, ಕ್ಷಾರದ ನಂತರದ ನಾರು, ಬಿಳುಪಾದ ನಾರು, ಈ ಮೂರನ್ನೂ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಬದಲಾಗದಷ್ಟು ಒಣಗಿಸಿ, ಮೂಸೆಯಲ್ಲಿ 575 ಡಿಗ್ರಿಯಲ್ಲಿ ಸುಟ್ಟು, ಉಳಿದ ಬೂದಿಯನ್ನು ತೂಗಿ, ಮೂರು ಅಂಕಿಗಳನ್ನೂ ಇಳುವರಿಯ ಪಕ್ಕದಲ್ಲೇ ಕೊಡಿ. ಬಿಳುಪಾದ ನಾರಿನಲ್ಲಿ ಬೂದಿ ಹೆಚ್ಚಾಗಿ ಕಂಡರೆ ಹೊಸ ಹುಲ್ಲಿನಿಂದ, ತೊಳೆಯುವ ಹಂತವನ್ನು ಸರಿಪಡಿಸಿಕೊಂಡು, ಮತ್ತೆ ಆರಂಭಿಸಿ.